ತುಂಬಿ ತುಳುಕುತ್ತಿದ್ದ ಕಪಾಟಿನಲ್ಲಿ ಜಾಗ ಮಾಡಿದ್ದು: ಹ್ಯಾಂಗರ್‌ನಿಂದ ಎರಡನೇ ರಾಡಿನವರೆಗೆ

ಒಂದು ಶರ್ಟ್ ತೆಗೆಯಲು ಕೈ ಹಾಕಿದರೆ ಪಕ್ಕದ ಎರಡು ಜೊತೆಗೇ ಬರುತ್ತಿದ್ದವು. ಇಸ್ತ್ರಿ ಮಾಡಿ ನೇತುಹಾಕಿದ ಬಟ್ಟೆ ಮರುದಿನ ಸುಕ್ಕಾಗಿ ಹೊರಬರುತ್ತಿತ್ತು. ಜಾಗ ಉಳಿಸುವ ಹ್ಯಾಂಗರ್ ತಂದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡು ಕೆಲಸಕ್ಕೆ ಇಳಿದೆ. ಸರಿಹೋಯಿತು, ಆದರೆ ನಾನು ಅಂದುಕೊಂಡ ದಾರಿಯಲ್ಲಿ ಅಲ್ಲ. ಅಳತೆ, ಸಾಮಾನು, ಹಾಳಾದ ಪ್ರಯತ್ನ ಎಲ್ಲವನ್ನೂ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ದಿನ 1: ಎಲ್ಲ ಬಟ್ಟೆ ಹೊರಗೆ

ಮೊದಲು ಕಪಾಟನ್ನು ಪೂರ್ತಿ ಖಾಲಿ ಮಾಡಿ ಟೇಪು ಹಿಡಿದೆ. ಒಳಗಿನ ಅಗಲ 88 ಸೆಂ.ಮೀ. ಆಳ 54 ಸೆಂ.ಮೀ. ರಾಡಿನ ಮೇಲಂಚಿನಿಂದ ಕಪಾಟಿನ ತಳಕ್ಕೆ 163 ಸೆಂ.ಮೀ. ರಾಡು 25 ಮಿ.ಮೀ. ದಪ್ಪದ ಸ್ಟೀಲ್ ಪೈಪು. ಅದರ ಮೇಲಂಚಿಗೂ ಮೇಲಿನ ಹಲಗೆಗೂ ನಡುವೆ 11 ಸೆಂ.ಮೀ. ಬಿಡುವು ಇತ್ತು. ಈ 11 ಅನ್ನುವುದನ್ನು ನೆನಪಿಡಿ, ಮುಂದೆ ಅದೇ ಕೆಲಸಕ್ಕೆ ಬಂತು.

ಆಮೇಲೆ ಎಣಿಕೆ. ಶರ್ಟ್ 31, ಟೀ ಶರ್ಟ್ 9, ಪ್ಯಾಂಟ್ 12, ಜಾಕೆಟ್ 4, ಸ್ವೆಟರ್ 5, ಕಾಲಿನವರೆಗೆ ಬರುವ ಉದ್ದನೆಯ ಉಡುಪು 6. ಒಟ್ಟು 67. ಎಲ್ಲವೂ ಆ ಒಂದೇ 88 ಸೆಂ.ಮೀ. ರಾಡಿನ ಮೇಲೆ.

ಹ್ಯಾಂಗರ್‌ಗಳೂ ಒಂದೇ ಥರ ಇರಲಿಲ್ಲ. ಚಪ್ಪಟೆ ಮರದವು 18, ಒಂದೊಂದೂ 12 ಮಿ.ಮೀ. ದಪ್ಪ. ಜಾಕೆಟ್‌ಗೆ ಬಳಸುವ ಅಗಲ ಭುಜದ ಮರದವು 4, ಭುಜದ ಹತ್ತಿರ 40 ಮಿ.ಮೀ. ಕೊಳವೆಯಂಥ ಪ್ಲಾಸ್ಟಿಕ್‌ನವು 26, 9 ಮಿ.ಮೀ. ತಂತಿಯವು 19, ಎರಡೂವರೆ ಮಿ.ಮೀ. ಸುಮ್ನೆ ಕೂಡಿ ನೋಡೋಣ ಅಂತ ಕಾಗದದ ಮೇಲೆ ಲೆಕ್ಕ ಹಾಕಿದೆ. ಬರೀ ಹ್ಯಾಂಗರ್‌ಗಳೇ ಸುಮಾರು 66 ಸೆಂ.ಮೀ. ತಿನ್ನುತ್ತಿದ್ದವು. 67 ಬಟ್ಟೆಗಳಿಗೆ ಉಳಿದದ್ದು 22 ಸೆಂ.ಮೀ. ಅಂದರೆ ಒಂದು ಬಟ್ಟೆಗೆ 3 ಮಿ.ಮೀ. ಚಿಲ್ಲರೆ. ಶರ್ಟ್ ಸುಕ್ಕಾಗದೆ ಇನ್ನೇನಾಗುತ್ತದೆ? ಇಷ್ಟು ವರ್ಷ ಬಟ್ಟೆ ಜಾಸ್ತಿಯಾಯಿತು ಅಂತಲೇ ನಂಬಿದ್ದೆ. ಲೆಕ್ಕ ನೋಡಿದ ಮೇಲೆ ಹ್ಯಾಂಗರ್‌ಗಳನ್ನು ಬೇರೆ ಕಣ್ಣಿನಿಂದ ನೋಡಲು ಶುರುಮಾಡಿದೆ.

ತೂಕವನ್ನೂ ನೋಡಿದೆ. ಸೂಟ್‌ಕೇಸ್ ತೂಗುವ ಕೈತಕ್ಕಡಿಗೆ ಹತ್ತತ್ತು ಬಟ್ಟೆಯ ಕಟ್ಟು ನೇತುಹಾಕಿ ತೂಗಿದರೆ, ಹ್ಯಾಂಗರ್ ಸೇರಿ ಹತ್ತಿರಹತ್ತಿರ 31 ಕೆ.ಜಿ. ಬಟ್ಟೆ ತೆಗೆಯುವ ಮೊದಲೇ ರಾಡಿನ ಎರಡು ತುದಿಗೆ ದಾರ ಬಿಗಿದು ನೋಡಿದ್ದೆ. ನಡುವೆ 4 ಮಿ.ಮೀ. ಬಾಗಿತ್ತು. ಎಡಗಡೆ ರಾಡಿನ ತುದಿಯನ್ನು ಹಿಡಿಯುವ ಸಾಕೆಟ್‌ನ ಒಂದು ಸ್ಕ್ರೂ ಅರ್ಧ ಹೊರಗೆ ಬಂದಿತ್ತು. ಅದನ್ನು ನಾನು ಅಷ್ಟು ದಿನ ಗಮನಿಸಿಯೇ ಇರಲಿಲ್ಲ.

ದಿನ 2: ನೇತುಹಾಕಬಾರದ್ದನ್ನು ಇಳಿಸಿದ್ದು

ಸ್ವೆಟರ್ 5 ಮೊದಲು ಇಳಿದವು. ಹೆಣೆದ ಬಟ್ಟೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ, ಭುಜದಲ್ಲಿ ಹ್ಯಾಂಗರ್ ತುದಿಯ ಗುಬುಟು ಮೂಡುತ್ತದೆ. ನನ್ನ ಎರಡು ಸ್ವೆಟರ್‌ಗೆ ಆಗಲೇ ಮೂಡಿತ್ತು. ಮಡಿಸಿ ಮೇಲಿನ ಹಲಗೆಗೆ ಹಾಕಿದೆ. ಟೀ ಶರ್ಟ್ 9 ಮಡಿಸಿ, ಪುಸ್ತಕದ ಹಾಗೆ ನಿಲ್ಲಿಸಿ ಡ್ರಾಯರ್‌ನಲ್ಲಿ ಜೋಡಿಸಿದೆ. ಶರ್ಟ್‌ನಲ್ಲಿ 4 ಈಗ ಮೈಗೆ ಆಗುವುದಿಲ್ಲ, ಕೊಡುವ ಚೀಲಕ್ಕೆ ಹೋದವು.

ರಾಡಿಗೆ ಉಳಿದದ್ದು 49: ಶರ್ಟ್ 27, ಪ್ಯಾಂಟ್ 12, ಜಾಕೆಟ್ 4, ಉದ್ದ ಉಡುಪು 6. ಇದಕ್ಕೆ ಒಂದು ಗಂಟೆ ಹಿಡಿಯಿತು, ಏನೂ ಕೊಳ್ಳಬೇಕಾಗಲಿಲ್ಲ.

ದಿನ 3ರಿಂದ 6: ಮೆಟ್ಟಿಲು ಹ್ಯಾಂಗರ್, ಮೊದಲ ಸೋಲು

ಜಾಗ ಉಳಿಸುವ ಹ್ಯಾಂಗರ್ ಅಂದರೆ ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಇದೇ. ಸುಮಾರು 30 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಪಟ್ಟಿ. ಅದರಲ್ಲಿ 5 ತೂತು, ಎರಡು ತುದಿಗೂ ಒಂದೊಂದು ಕೊಕ್ಕೆ. ಐದು ತೂತಿಗೆ ಐದು ಹ್ಯಾಂಗರ್ ಸಿಕ್ಕಿಸಿ, ಒಂದು ತುದಿಯ ಕೊಕ್ಕೆ ಬಿಟ್ಟರೆ ಪಟ್ಟಿ ನೆಟ್ಟಗೆ ಕೆಳಗೆ ಬೀಳುತ್ತದೆ. ಬಟ್ಟೆಗಳು ಮೆಟ್ಟಿಲಿನ ಹಾಗೆ ಒಂದರ ಕೆಳಗೆ ಒಂದು ನಿಲ್ಲುತ್ತವೆ. 8 ಪಟ್ಟಿ ತಂದೆ. 6 ಶರ್ಟ್‌ಗೆ, 1 ಜಾಕೆಟ್‌ಗೆ, 1 ಹೆಚ್ಚುವರಿ.

ಮೊದಲ ದಿನ ತುಂಬಾ ಖುಷಿಯಾಯಿತು. 27 ಶರ್ಟ್ 44 ಸೆಂ.ಮೀ.ನಲ್ಲಿ ನಿಂತವು. ರಾಡಿನ ಮೇಲೆ ಅಷ್ಟು ಖಾಲಿ ಜಾಗ ನೋಡಿ ಎಷ್ಟು ದಿನವಾಗಿತ್ತೋ.

ಎರಡನೇ ದಿನ ತೊಂದರೆ ಒಂದೊಂದಾಗಿ ಕಂಡವು. ಮಧ್ಯದ ಶರ್ಟ್ ಬೇಕೆಂದರೆ ಪಟ್ಟಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಗರ್ ಬಿಡಿಸಬೇಕು. ಬೆಳಗಿನ ಹೊತ್ತು ಅದಕ್ಕೆಲ್ಲ ತಾಳ್ಮೆ ಎಲ್ಲಿರುತ್ತದೆ? ಮೇಲಿನ ಶರ್ಟ್ ಮಾತ್ರ ತೆಗೆದು ಹಾಕಿಕೊಳ್ಳುವುದು ಅಭ್ಯಾಸವಾಯಿತು. ಒಂದೇ ಕೊಕ್ಕೆಯ ಮೇಲೆ ನೇತಾಡುವುದರಿಂದ ಇಡೀ ಗೊಂಚಲು ತಿರುಗುತ್ತದೆ. ಬಾಗಿಲು ಹಾಕುವಾಗ ತೋಳು ಸಿಕ್ಕಿಕೊಳ್ಳುತ್ತದೆ. ಮೆಟ್ಟಿಲಿನ ಎತ್ತರ 6 ಸೆಂ.ಮೀ. ಮಾತ್ರ, ಶರ್ಟ್ ಅದಕ್ಕಿಂತ ಎಷ್ಟೋ ಉದ್ದ. ಹಾಗಾಗಿ ಭುಜಗಳು ಮಾತ್ರ ಬೇರೆ ಬೇರೆ ಎತ್ತರದಲ್ಲಿ ನಿಲ್ಲುತ್ತವೆ, ಹೊಟ್ಟೆಯ ಭಾಗ ಐದೂ ಒಂದರ ಮೇಲೊಂದು ಒತ್ತಿಕೊಂಡೇ ಇರುತ್ತದೆ. ಸುಕ್ಕು ಹಾಗೇ ಉಳಿಯಿತು.

ನಾಲ್ಕನೇ ದಿನ ರಾತ್ರಿ ಜಾಕೆಟ್ ಪಟ್ಟಿ ಮುರಿಯಿತು. ತಪ್ಪು ಪೂರ್ತಿ ನನ್ನದು. 4 ಜಾಕೆಟ್, ಮೇಲೆ 4 ದಪ್ಪ ಮರದ ಹ್ಯಾಂಗರ್, ಸೇರಿ 6 ಕೆ.ಜಿ. ಅಷ್ಟೂ ಭಾರ ಒಂದು ಪ್ಲಾಸ್ಟಿಕ್ ಕೊಕ್ಕೆಯ ಕುತ್ತಿಗೆಯ ಮೇಲೆ. ತೂಕ ಮೊದಲೇ ಗೊತ್ತಿತ್ತು, ಕೂಡಿ ನೋಡಲಿಲ್ಲ. ನೀವು ಈ ಪಟ್ಟಿ ಬಳಸುವುದಾದರೆ ತೆಳು ಶರ್ಟ್‌ಗೆ ಮಾತ್ರ ಬಳಸಿ. ಭಾರದ ಬಟ್ಟೆಗೆ ಬೇಕೇ ಬೇಕೆಂದರೆ ಸ್ಟೀಲ್‌ನ ಪಟ್ಟಿಯೇ ಆಗಬೇಕು.

ದಿನ 7: ಕ್ಯಾನಿನ ಉಂಗುರ

ತಂಪು ಪಾನೀಯದ ಕ್ಯಾನ್ ತೆರೆಯಲು ಇರುತ್ತದಲ್ಲ, ಆ ಅಲ್ಯೂಮಿನಿಯಂ ಉಂಗುರ. ಅದರ ಮೇಲಿನ ತೂತನ್ನು ಹ್ಯಾಂಗರ್ ಕೊಕ್ಕೆಗೆ ಏರಿಸಿ, ಕೆಳಗಿನ ತೂತಿಗೆ ಇನ್ನೊಂದು ಹ್ಯಾಂಗರ್ ಹಾಕುವ ಉಪಾಯ ತುಂಬಾ ಜನ ಹೇಳುತ್ತಾರೆ. 6 ಉಂಗುರ ಕೂಡಿಟ್ಟು ಮಾಡಿ ನೋಡಿದೆ.

ಅರ್ಧ ದಿನದಲ್ಲೇ ಬಿಟ್ಟೆ. ಉಂಗುರದ ಉದ್ದವೇ ಸುಮಾರು 2.5 ಸೆಂ.ಮೀ. ಎರಡನೇ ಹ್ಯಾಂಗರ್ ಅಷ್ಟು ಮಾತ್ರ ಕೆಳಗಿಳಿಯುತ್ತದೆ, ದಪ್ಪ ಭುಜಗಳು ಮತ್ತೆ ಒಂದಕ್ಕೊಂದು ತಾಗುತ್ತವೆ. ಪ್ಯಾಂಟ್ ಹಾಕಿದ ಉಂಗುರ ಬಾಗಿತು. ಕಿತ್ತ ಕಡೆಯ ಅಂಚು ಹರಿತ, ನನ್ನ ಬೆರಳು ಗೀರಿತು. ಒಂದು ತೋಳಿನ ನೂಲೂ ಎಳೆಯಿತು.

ದಿನ 10: ತೆಳು ವೆಲ್ವೆಟ್ ಹ್ಯಾಂಗರ್

ಇಲ್ಲಿಂದ ಕೆಲಸ ಸರಿದಾರಿಗೆ ಬಂತು. ಪ್ಲಾಸ್ಟಿಕ್ ಒಡಲಿನ ಮೇಲೆ ಮಖಮಲ್ಲಿನಂಥ ನವಿರು ನೂಲುಪುಡಿ ಅಂಟಿಸಿದ ಹ್ಯಾಂಗರ್ ಇದು. ದಪ್ಪ ಐದೂವರೆ ಮಿ.ಮೀ. ಅಗಲ 44 ಸೆಂ.ಮೀ. ಕೆಳಗೆ ಪ್ಯಾಂಟ್ ಹಾಕುವ ಅಡ್ಡಪಟ್ಟಿಯೂ ಇದೆ. ಮೊದಲು 30 ತಂದೆ.

27 ಶರ್ಟ್ ಹಾಕಿ ಅಳೆದೆ: 46 ಸೆಂ.ಮೀ. ಒಂದು ಶರ್ಟ್‌ಗೆ 17 ಮಿ.ಮೀ. ಅವೇ 27 ಶರ್ಟ್‌ಗಳನ್ನು ಒತ್ತದೆ ಹಳೆಯ ಹ್ಯಾಂಗರ್‌ನಲ್ಲಿ ಹಾಕಿದಾಗ 62 ಸೆಂ.ಮೀ. ಬಂದಿತ್ತು. 16 ಸೆಂ.ಮೀ. ಉಳಿಯಿತು. ಇನ್ನೂ ಮುಖ್ಯವಾದ ಸಂಗತಿ ಎಂದರೆ, ಅಷ್ಟು ಕಷ್ಟಪಟ್ಟ ಮೆಟ್ಟಿಲು ಪಟ್ಟಿಗಿಂತ ಇದು ತೆಗೆದುಕೊಂಡದ್ದು ಬರೀ 2 ಸೆಂ.ಮೀ. ಜಾಸ್ತಿ. ಜೊತೆಗೆ ಎಲ್ಲ ಶರ್ಟ್ ಒಂದೇ ಸಾಲಿನಲ್ಲಿ, ಕಣ್ಣೆದುರಿಗೆ. ಒಂದೇ ಕೈಯಲ್ಲಿ ತೆಗೆಯಬಹುದು. ಮೆಟ್ಟಿಲು ಪಟ್ಟಿಗಳನ್ನು ಅವತ್ತೇ ಬಿಚ್ಚಿದೆ.

ಆದರೆ ಇಲ್ಲೂ ಮೂರು ತಪ್ಪು ಮಾಡಿದೆ.

ಪೂರ್ತಿ ಒಣಗದ ಒಂದು ಬಿಳಿ ಶರ್ಟ್‌ ಅನ್ನು ಕಪ್ಪು ವೆಲ್ವೆಟ್ ಹ್ಯಾಂಗರ್‌ಗೆ ಹಾಕಿ ಮಲಗಿದೆ. ಬೆಳಿಗ್ಗೆ ಎರಡೂ ಭುಜದ ಮೇಲೆ ಬೂದುಬಣ್ಣದ ಗೆರೆ. ಎರಡು ಸಲ ಒಗೆದರೂ ಪೂರ್ತಿ ಹೋಗಲಿಲ್ಲ. ನನಗೆ ಇಷ್ಟದ ಶರ್ಟ್ ಅದು. ಈಗ ಹೊಸ ಹ್ಯಾಂಗರ್ ಬಂದರೆ ಮೊದಲು ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ ನೋಡುತ್ತೇನೆ. ಬಣ್ಣ ಬಿಟ್ಟರೆ ಬಿಳಿಗೆ ಬಳಸುವುದಿಲ್ಲ. ಒದ್ದೆ ಬಟ್ಟೆಗಂತೂ ಯಾವ ವೆಲ್ವೆಟ್ ಹ್ಯಾಂಗರೂ ಬೇಡ. ಅದಕ್ಕೆ ಹಳೆಯ ಪ್ಲಾಸ್ಟಿಕ್‌ನವು 6 ಬೇರೆ ಇಟ್ಟಿದ್ದೇನೆ.

ಎರಡನೆಯದು, ಎಳೆಯುವ ರೀತಿ. ವೆಲ್ವೆಟ್ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ, ಜಾರಿ ಬೀಳುವುದಿಲ್ಲ. ಅದೇ ಅದರ ಗುಣ. ಹಳೆಯ ಅಭ್ಯಾಸದಲ್ಲಿ ಶರ್ಟ್‌ ಅನ್ನು ಸರ್ರನೆ ಕೆಳಗೆ ಎಳೆದರೆ ಕಾಲರ್ ಹೊಲಿಗೆ ಜಗ್ಗುತ್ತದೆ. ಹ್ಯಾಂಗರ್ ಸಮೇತ ಹೊರತೆಗೆದು, ಮೇಲಿನ ಎರಡು ಗುಂಡಿ ಬಿಚ್ಚಿ, ಒಂದು ಭುಜ ಆದ ಮೇಲೆ ಇನ್ನೊಂದು ಬಿಡಿಸಬೇಕು. ಎರಡು ದಿನದಲ್ಲಿ ಕೈಗೆ ರೂಢಿಯಾಯಿತು.

ಮೂರನೆಯದು, 30 ಸಾಲದು ಅಂತ ಆಮೇಲೆ ಇನ್ನೂ 10 ತಂದೆ, ಬೇರೆ ತಯಾರಿಕೆಯವು. ದಪ್ಪ ಒಂದೇ, ಆದರೆ ಕೊಕ್ಕೆ 1 ಸೆಂ.ಮೀ. ಉದ್ದ. ಸಾಲಿನಲ್ಲಿ ಹಾಕಿದರೆ ಭುಜ ಒಂದು ಮೇಲೆ ಒಂದು ಕೆಳಗೆ. ಶರ್ಟ್‌ಗಳು ನೇರವಾಗಿ ಕೂಡುವುದಿಲ್ಲ. ಬೇಕಾದಷ್ಟನ್ನು ಎಣಿಸಿ, ಮೂರೋ ನಾಲ್ಕೋ ಹೆಚ್ಚಿಗೆ ಸೇರಿಸಿ, ಒಂದೇ ಸಲ ಒಂದೇ ಥರದ್ದು ತನ್ನಿ.

ಜಾಕೆಟ್‌ಗೆ ತೆಳು ಹ್ಯಾಂಗರ್ ಹಾಕಲು ಹೋಗಲಿಲ್ಲ. ತೆಳು ಅಂಚಿನ ಮೇಲೆ ಜಾಕೆಟ್‌ನ ಭುಜ ಕುಸಿಯುತ್ತದೆ. ಅಗಲ ಭುಜದ ಮರದವೇ ಇರಲಿ ಅಂತ ಬಿಟ್ಟೆ. ಆ ನಾಲ್ಕು ಜಾಗ ತಿನ್ನಲಿ, ಪರವಾಗಿಲ್ಲ.

ದಿನ 13ರಿಂದ 16: ಎಸ್ ಆಕಾರದ ಪ್ಯಾಂಟ್ ಹ್ಯಾಂಗರ್

ಹಾವಿನ ಹಾಗೆ ಅತ್ತಿತ್ತ ಬಾಗಿದ ಸ್ಟೀಲ್ ಸಲಾಕೆ, 5 ಅಂತಸ್ತು. ಒಂದರಲ್ಲಿ 5 ಪ್ಯಾಂಟ್. ಒಂದೊಂದು ಅಂತಸ್ತೂ ಒಂದು ಬದಿಗೆ ತೆರೆದಿರುವುದರಿಂದ ಪ್ಯಾಂಟ್ ಪಕ್ಕದಿಂದ ಜಾರಿಸಿ ಹಾಕಬಹುದು. 2 ತಂದೆ. ಬೇರೆ ಬೇರೆ ಹಾಕಿದರೆ 15 ಸೆಂ.ಮೀ. ಬೇಕಿದ್ದ 5 ಪ್ಯಾಂಟ್ 9 ಸೆಂ.ಮೀ.ನಲ್ಲಿ ಕೂತವು.

ಸ್ಟೀಲ್ ನುಣುಪು, ಹಾಗಾಗಿ ಪ್ಯಾಂಟ್ ಜಾರಿ ಬೀಳುತ್ತಿತ್ತು. ಮನೆಯಲ್ಲಿ ಹಳೆಯ ಸೈಕಲ್ ಟ್ಯೂಬ್ ಇತ್ತು. ಅದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಸಲಾಕೆಗೆ ಸುತ್ತಿದೆ. ಹಿಡಿತ ತುಂಬಾ ಚೆನ್ನಾಗಿ ಬಂತು. ಎರಡು ದಿನದ ಮೇಲೆ ನೋಡಿದರೆ ತಿಳಿ ಬಣ್ಣದ ಪ್ಯಾಂಟ್‌ನ ಮಡಿಕೆಯಲ್ಲಿ ಕಪ್ಪು ಗೆರೆ. ಕಪ್ಪು ರಬ್ಬರ್ ಬಟ್ಟೆಗೆ ಗುರುತು ಬಿಡುತ್ತದೆ ಅಂತ ಆಗ ತಿಳಿಯಿತು. ಟ್ಯೂಬ್ ಕಿತ್ತುಹಾಕಿ, 5 ಮಿ.ಮೀ. ಒಳಅಳತೆಯ ಪಾರದರ್ಶಕ ಸಿಲಿಕೋನ್ ಕೊಳವೆ ತಂದು, ಉದ್ದಕ್ಕೆ ಸೀಳಿ ಸಲಾಕೆಗೆ ಕೂರಿಸಿದೆ. ಇದು ಜಾರಲೂ ಇಲ್ಲ, ಗುರುತೂ ಬಿಡಲಿಲ್ಲ. ವೆಲ್ವೆಟ್ ಹ್ಯಾಂಗರ್‌ನ ಬಣ್ಣ, ಇಲ್ಲಿ ರಬ್ಬರ್‌ನ ಬಣ್ಣ. ಎರಡೂ ಸಲ ಬಟ್ಟೆಗೆ ತಾಗುವ ವಸ್ತುವನ್ನು ಪರೀಕ್ಷೆ ಮಾಡದೆ ಬಳಸಿದ್ದೆ.

ಈ ಹ್ಯಾಂಗರ್ ಹಾಕಿದ ಮೇಲೆ ಕಪಾಟಿನ ಮುಂದೆ ನಿಂತು ನೋಡುತ್ತಿದ್ದೆ. ಶರ್ಟ್‌ಗಳ ಕೆಳಗೆ ಅರ್ಧ ಕಪಾಟು ಖಾಲಿ! ಅಗಲದಲ್ಲಿ ಮಿಲಿಮೀಟರ್ ಮಿಲಿಮೀಟರ್ ಲೆಕ್ಕ ಹಾಕುತ್ತಾ ಎರಡು ವಾರ ಕಳೆದಿದ್ದೆ. ಎತ್ತರದ ಕಡೆ ಕಣ್ಣೇ ಹಾಯಿಸಿರಲಿಲ್ಲ. ಇದನ್ನು ದಿನ 1ರಂದೇ ನೋಡಿದ್ದರೆ ಮೆಟ್ಟಿಲು ಪಟ್ಟಿ, ಎಸ್ ಹ್ಯಾಂಗರ್ ಯಾವುದನ್ನೂ ತರುತ್ತಿರಲಿಲ್ಲ.

ದಿನ 20: ಎರಡನೇ ರಾಡಿನ ಅಳತೆ

ನನ್ನ ಅತಿ ಉದ್ದದ ಶರ್ಟ್, ಹ್ಯಾಂಗರ್‌ನಲ್ಲಿ ಹಾಕಿದಾಗ, ರಾಡಿನ ಮೇಲಂಚಿನಿಂದ 86 ಸೆಂ.ಮೀ. ಕೆಳಗೆ ಮುಗಿಯುತ್ತದೆ. ಕೆಳಗಿನ ಹ್ಯಾಂಗರ್‌ಗಳನ್ನು ಎತ್ತಿ ಬಿಡಿಸಲು ಸ್ವಲ್ಪ ಬಿಡುವು ಬೇಕು. ಅದಕ್ಕೆ ಎರಡನೇ ರಾಡಿನ ಮೇಲಂಚನ್ನು 94 ಸೆಂ.ಮೀ. ಕೆಳಗೆ ಗುರುತು ಮಾಡಿದೆ. ನಡುವೆ ಮಡಿಸಿ ನೇತುಹಾಕಿದ ಪ್ಯಾಂಟ್‌ಗೆ, ಕೊಕ್ಕೆ ಸೇರಿ, 67 ಸೆಂ.ಮೀ. ಬೇಕು. ಇದ್ದದ್ದು 163ರಲ್ಲಿ 94 ಕಳೆದರೆ 69. ತಳಕ್ಕೆ 2 ಸೆಂ.ಮೀ. ಮಾತ್ರ ಬಿಡುವು. ಧೂಳು ಒರೆಸಲು ಕೈ ಕೂಡ ಹೋಗುವುದಿಲ್ಲ.

ಆಗ ಆ 11 ಸೆಂ.ಮೀ. ನೆನಪಾಯಿತು. ಮೇಲಿನ ರಾಡಿಗೂ ಹಲಗೆಗೂ ನಡುವೆ ಅಷ್ಟು ಜಾಗ ಸುಮ್ನೆ ಬಿದ್ದಿತ್ತು. ಕೊಕ್ಕೆ ಎತ್ತಿ ತೆಗೆಯಲು 5 ಸೆಂ.ಮೀ. ಸಾಕು. ಮೇಲಿನ ರಾಡನ್ನೇ 6 ಸೆಂ.ಮೀ. ಏರಿಸಿದರೆ ತಳದಿಂದ 169 ಆಗುತ್ತದೆ, ಪ್ಯಾಂಟ್ ಕೆಳಗೆ 8 ಸೆಂ.ಮೀ. ಸಿಗುತ್ತದೆ.

ಉದ್ದ ಉಡುಪು ಮತ್ತು ಜಾಕೆಟ್‌ಗೆ ಪೂರ್ತಿ ಎತ್ತರ ಬಿಡಬೇಕಲ್ವಾ, ಹಾಗಾಗಿ ಎರಡನೇ ರಾಡು ಎಡಗಡೆ 52 ಸೆಂ.ಮೀ. ಅಗಲಕ್ಕೆ ಮಾತ್ರ. ಅದರ ಬಲತುದಿಯನ್ನು ಹಿಡಿಯಲು ನಡುವೆ ಒಂದು ನಿಲುವು ಹಲಗೆ. ಮೇಲಿನ ರಾಡಿನಿಂದ ಕೆಳಗಿನದನ್ನು ನೇತುಹಾಕುವ ಸುಲಭದ ವಿಧಾನವೂ ಇದೆ. ಆದರೆ ಆಗಲೇ ಬಾಗಿದ್ದ ರಾಡಿಗೆ ಇನ್ನೂ ಭಾರ ಹೇರಲು ಮನಸ್ಸಾಗಲಿಲ್ಲ. ನಿಲುವು ಹಲಗೆ ಹಾಕಿದರೆ ಮೇಲಿನ ರಾಡಿಗೂ ನಡುವೆ ಊರುಗೋಲು ಸಿಗುತ್ತದೆ.

ಸಾಮಾನು: 18 ಮಿ.ಮೀ. ಪ್ಲೈವುಡ್, 30 ಸೆಂ.ಮೀ. ಅಗಲದ್ದು. 25 ಮಿ.ಮೀ. ಸ್ಟೀಲ್ ಪೈಪು 52 ಸೆಂ.ಮೀ. ಒಂದು ಜೊತೆ ಸಾಕೆಟ್. 2 ಎಲ್ ಬ್ರಾಕೆಟ್. 1 ಪೈಪ್ ಕ್ಲಾಂಪ್. 3.5 × 16 ಮಿ.ಮೀ. ಸ್ಕ್ರೂ. ಉಪಕರಣ: ಡ್ರಿಲ್, ಎರಡೂವರೆ ಮಿ.ಮೀ. ಬಿಟ್, 25 ಮಿ.ಮೀ. ಹೋಲ್ ಸಾ (ಡ್ರಿಲ್‌ಗೆ ಹಾಕಿ ದುಂಡು ತೂತು ಕೊರೆಯುವ ಗರಗಸ), ಕೈಗರಗಸ, ಹ್ಯಾಕ್ ಸಾ (ಲೋಹ ಕತ್ತರಿಸುವ ಗರಗಸ), ಮಟ್ಟಗೋಲು, ಮರಳು ಕಾಗದ.

ದಿನ 21: ಕೊಯ್ತ ಮತ್ತು ಜೋಡಣೆ

ಮೇಲಿನ ರಾಡಿನಿಂದ ಶುರು. ಸಾಕೆಟ್ ಬಿಚ್ಚಿ, 6 ಸೆಂ.ಮೀ. ಮೇಲೆ ಗುರುತು ಹಾಕಿ, ಎರಡೂವರೆ ಮಿ.ಮೀ. ಬಿಟ್‌ನಿಂದ ತೂತು ಮಾಡಿ ಕೂರಿಸಿದೆ. ಆಳದಲ್ಲಿ ರಾಡಿನ ನಡುಗೆರೆ ಹಿಂಬದಿಯಿಂದ 27 ಸೆಂ.ಮೀ. 44 ಸೆಂ.ಮೀ. ಹ್ಯಾಂಗರ್‌ಗೆ ಎರಡೂ ಕಡೆ 5 ಸೆಂ.ಮೀ. ಬಿಡುವು. ಬಾಗಿಲು ತಾಗುವುದಿಲ್ಲ.

ಇಲ್ಲೊಂದು ತಪ್ಪು. ಮೊದಲು 20 ಮಿ.ಮೀ. ಸ್ಕ್ರೂ ಬಳಸಿದೆ. ಸಾಕೆಟ್ ತಗಡು 2 ಮಿ.ಮೀ., ಕಪಾಟಿನ ಗೋಡೆ 18 ಮಿ.ಮೀ. ಲೆಕ್ಕಕ್ಕೆ ಸರಿಯಾಗಿ ಅಂಚಿನವರೆಗೆ ಹೋಗಿ, ತುದಿ ಆಚೆ ಬದಿಯಲ್ಲಿ ಮುಳ್ಳಿನ ಹಾಗೆ ಚುಚ್ಚಿತು. ತೆಗೆದು 16ರದ್ದು ಹಾಕಿದೆ. ಆದರೆ ಹೊರಬಂದ ಸ್ಕ್ರೂ ಜೊತೆ ಹಲಗೆಯ ಪುಡಿಯೂ ಉದುರಿ ತೂತು ಸಡಿಲವಾಯಿತು. ಕಪಾಟು ಮರದ ಪುಡಿ ಒತ್ತಿ ಮಾಡಿದ ಹಲಗೆಯದು, ಒಂದು ಸಲ ಸ್ಕ್ರೂ ಬಿಚ್ಚಿದರೆ ಹಿಡಿತ ಅರ್ಧ ಹೋಗುತ್ತದೆ. ತೂತಿಗೆ ಮರದ ಅಂಟು ಹಾಕಿ, ಎರಡು ಬೆಂಕಿಕಡ್ಡಿ ತುರುಕಿ, ಮಟ್ಟಕ್ಕೆ ಕತ್ತರಿಸಿ, ಒಂದು ರಾತ್ರಿ ಒಣಗಲು ಬಿಟ್ಟೆ. ಮರುದಿನ ಗಟ್ಟಿಯಾಗಿ ಹಿಡಿಯಿತು. ಆ ಸಡಿಲ ಎಡ ಸಾಕೆಟ್‌ನ ಹಳೆಯ ತೂತುಗಳನ್ನೂ ಹೀಗೇ ಮುಚ್ಚಿದೆ.

ನಿಲುವು ಹಲಗೆಯ ತುದಿಗೆ ರಾಡು ಕೂರುವ ಅರ್ಧಚಂದ್ರದ ಗುಳಿ ಬೇಕಿತ್ತು. ಗರಗಸದಲ್ಲಿ ಕೊರೆಯಲು ಹೋದರೆ ಪ್ಲೈ ಸಿಬಿರೇಳುತ್ತದೆ. ಅದರ ಬದಲು ಹಲಗೆಯನ್ನು ಉದ್ದವಾಗಿಯೇ ಇಟ್ಟುಕೊಂಡು, ತಳದಿಂದ 167.75 ಸೆಂ.ಮೀ. ಎತ್ತರದಲ್ಲಿ ಗೆರೆ ಎಳೆದೆ. ಗೆರೆಯ ಮೇಲೇ ನಡುಬಿಂದು ಇಟ್ಟು 25 ಮಿ.ಮೀ. ಹೋಲ್ ಸಾದಿಂದ ಪೂರ್ತಿ ದುಂಡು ತೂತು ಕೊರೆದೆ. ಆಮೇಲೆ ಅದೇ ಗೆರೆಯ ಮೇಲೆ ಅಡ್ಡಕ್ಕೆ ಕೊಯ್ದೆ. ತೂತು ಎರಡು ಹೋಳಾಗಿ ಚಂದದ ಅರ್ಧವೃತ್ತ ಸಿಕ್ಕಿತು. ಈ ಇಡೀ ಕೆಲಸದಲ್ಲಿ ಮೊದಲ ಸಲಕ್ಕೇ ಸರಿಬಂದದ್ದು ಇದೊಂದೇ. ನನಗೆ ಇವತ್ತಿಗೂ ಅದನ್ನು ನೋಡಲು ಇಷ್ಟ. ಅಂಚುಗಳನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಬೇಕು, ಇಲ್ಲದಿದ್ದರೆ ತೋಳುಗಳು ಸಿಕ್ಕಿಕೊಳ್ಳುತ್ತವೆ.

ನಿಲ್ಲಿಸಿ ನೋಡಿದರೆ ತಳದಲ್ಲಿ 3 ಮಿ.ಮೀ. ಸಂದು. ಎತ್ತರವನ್ನು ನಾನು ಪಕ್ಕದ ಗೋಡೆಯ ಹತ್ತಿರ ಅಳೆದಿದ್ದೆ. ಕಪಾಟಿನ ತಳ ನಡುವೆ ತಗ್ಗಿತ್ತು. ಹಲಗೆ ನಿಲ್ಲುವ ಜಾಗದಲ್ಲೇ ಅಳೆಯಬೇಕಿತ್ತು. 3 ಮಿ.ಮೀ. ಪ್ಲೈ ಚೂರನ್ನು ಕೆಳಗೆ ಕೂರಿಸಿ ಸರಿಮಾಡಿದೆ. ಎಲ್ ಬ್ರಾಕೆಟ್ ಒಂದನ್ನು ಹಿಂಬದಿಗೆ ಹಾಕೋಣ ಅಂತ ಹೋದರೆ, ಅಲ್ಲಿರುವುದು 3 ಮಿ.ಮೀ. ತೆಳು ಹಲಗೆ. ಸ್ಕ್ರೂ ತಿರುಗಿತೇ ವಿನಾ ಹಿಡಿಯಲಿಲ್ಲ. ಎರಡೂ ಬ್ರಾಕೆಟ್ ತಳಕ್ಕೇ ಹಾಕಿ, ಮೇಲೆ ಪೈಪ್ ಕ್ಲಾಂಪ್‌ನಿಂದ ರಾಡನ್ನು ಹಲಗೆಗೆ ಬಿಗಿದೆ. ಈಗ ಕೈಯಿಂದ ತಳ್ಳಿದರೂ ಅಲುಗುವುದಿಲ್ಲ.

ಕೊನೆಗೆ ಕೆಳಗಿನ ರಾಡು. ಎರಡೂ ಸಾಕೆಟ್‌ಗಳನ್ನು ಮಟ್ಟ ನೋಡಿ, ಗಟ್ಟಿಯಾಗಿ ಬಿಗಿದು, ಪೈಪು ಹಾಕಲು ಹೋದೆ. ಹೋಗಲಿಲ್ಲ. ಎರಡೂ ಸುತ್ತಲೂ ಮುಚ್ಚಿದ ಉಂಗುರದ ಸಾಕೆಟ್. ಪೈಪನ್ನು ಓರೆ ಮಾಡಿ ಒಳಗೆ ತೂರಿಸಲು ಬರುವುದೇ ಇಲ್ಲ. ಒಂದನ್ನು ಬಿಚ್ಚಿ, ಪೈಪಿನ ತುದಿಗೆ ಸಿಕ್ಕಿಸಿ, ಆಮೇಲೆ ಹಲಗೆಗೆ ಬಿಗಿಯಬೇಕಾಯಿತು. ಪ್ಲೈ ಆದ್ದರಿಂದ ಅದೇ ತೂತು ಮತ್ತೆ ಹಿಡಿಯಿತು. ಮೇಲೆ ತೆರೆದಿರುವ ಸಾಕೆಟ್ ಒಂದಾದರೂ ಇದ್ದರೆ ಈ ತಲೆನೋವು ಇಲ್ಲ. ಪೈಪನ್ನು ಹ್ಯಾಕ್ ಸಾದಿಂದ 51.6 ಸೆಂ.ಮೀ.ಗೆ ಕತ್ತರಿಸಿದೆ, ಸಾಕೆಟ್‌ನ ತಗಡಿಗೆ ಅಷ್ಟು ಬಿಡಲೇಬೇಕು. ತುದಿಯ ಚೂಪನ್ನು ಅರ ಹಾಕಿ ತೆಗೆದೆ.

ದಿನ 22: ಬಟ್ಟೆ ವಾಪಸ್

ಎಡಗಡೆ ಮೇಲೆ 27 ಶರ್ಟ್. 52 ಸೆಂ.ಮೀ.ನಲ್ಲಿ 46 ಹೋಗಿ 6 ಸೆಂ.ಮೀ. ಉಳಿದಿದೆ. ಬಟ್ಟೆ ಸರಿಸಲು ಈ 6 ಬೇಕೇ ಬೇಕು. ಅದನ್ನು ತುಂಬಬಾರದು ಅಂತ ತೀರ್ಮಾನ ಮಾಡಿದ್ದೇನೆ. ಗಾಳಿಯಾಡದಿದ್ದರೆ ಬಟ್ಟೆಗೆ ಮುಗ್ಗಲು ವಾಸನೆ ಬರುತ್ತದೆ. ಕೆಳಗೆ 12 ಪ್ಯಾಂಟ್, ಒಂದೊಂದಕ್ಕೆ 3 ಸೆಂ.ಮೀ.ನಂತೆ 36. ಅಲ್ಲಿ ಇನ್ನೂ 16 ಖಾಲಿ. ಹಾಗಾಗಿ ಎಸ್ ಹ್ಯಾಂಗರ್ ಎರಡೂ ಬೇಕಾಗಲಿಲ್ಲ.

ಕೊಕ್ಕೆ ಉದ್ದದ ಆ 10 ಹ್ಯಾಂಗರ್‌ಗೂ ಜಾಗ ಸಿಕ್ಕಿತು. 7 ಪ್ಯಾಂಟ್‌ಗೆ, 3 ಉದ್ದ ಉಡುಪಿಗೆ. ಉಳಿದ 5 ಪ್ಯಾಂಟ್ ಹಳೆಯ ಚಪ್ಪಟೆ ಮರದವುಗಳ ಅಡ್ಡಪಟ್ಟಿಯ ಮೇಲಿವೆ.

ದಾರ ಬಿಗಿದು ಮತ್ತೆ ನೋಡಿದೆ. ಮೇಲಿನ ರಾಡಿನ ಮೇಲೆ ಈಗ 17 ಕೆ.ಜಿ. ಚಿಲ್ಲರೆ, ಅದಕ್ಕೆ ನಡುವೆ ಊರುಗೋಲೂ ಇದೆ. ಬಾಗಿದ್ದು ಕಣ್ಣಿಗೆ ಕಾಣಲಿಲ್ಲ.

ಹಾಳಾದದ್ದನ್ನೂ ಲೆಕ್ಕಕ್ಕೆ ಬರೆದಿಡುತ್ತೇನೆ. ಮೆಟ್ಟಿಲು ಪಟ್ಟಿ 8 (ಒಂದು ಮುರಿದದ್ದು), ಎಸ್ ಹ್ಯಾಂಗರ್ 2, ಸಿಲಿಕೋನ್ ಕೊಳವೆ, ಒಂದು ಬಿಳಿ ಶರ್ಟ್. ಉಪಯೋಗಕ್ಕೆ ಬಂದ ಸಾಮಾನಿಗಿಂತ ಬರದ ಸಾಮಾನನ್ನು ಮೊದಲು ಕೊಂಡಿದ್ದೆ. ಕೆಲಸದ ಹೊತ್ತು, ಅಂಟು ಒಣಗಿದ್ದು ಬಿಟ್ಟು, ಕೊನೆಯ ಹಂತಕ್ಕೆ 7 ಗಂಟೆ.

ಒಂದು ತಿಂಗಳ ನಂತರ

ಇಸ್ತ್ರಿ ಮಾಡಿದ ಶರ್ಟ್ ಹಾಗೇ ಹೊರಬರುತ್ತಿದೆ. ನನಗೆ ಬೇಕಿದ್ದದ್ದು ಅದೇ.

ದಿನ 22ರಂದು ಎಲ್ಲ ಶರ್ಟ್‌ಗಳ ಕೊಕ್ಕೆಯ ಬಾಯಿ ನನ್ನ ಕಡೆ ಇರುವಂತೆ, ಅಂದರೆ ಉಲ್ಟಾ ಹಾಕಿದ್ದೆ. ಹಾಕಿಕೊಂಡು ಒಗೆದು ವಾಪಸ್ ಇಡುವಾಗ ಸರಿಯಾಗಿ ಇಡುವುದು. ತಿಂಗಳಾದ ಮೇಲೆ 9 ಕೊಕ್ಕೆ ಇನ್ನೂ ಉಲ್ಟಾ ಇವೆ. ಅವುಗಳಲ್ಲಿ 2 ದಪ್ಪ ಬಟ್ಟೆಯವು, ಚಳಿಗೆ ಬೇಕು. ಉಳಿದ 7 ಶರ್ಟ್‌ಗೆ ಇನ್ನೊಂದು ತಿಂಗಳು ಕೊಟ್ಟಿದ್ದೇನೆ.

ಒಂದು ವೆಲ್ವೆಟ್ ಹ್ಯಾಂಗರ್‌ನ ಕೊಕ್ಕೆ ಸಡಿಲವಾಗಿದೆ. ಒದ್ದೆ ಟವೆಲ್‌ ಅನ್ನು ಯಾರೋ ಅದರ ಮೇಲೆ ಹಾಕಿದ್ದರು. ಭಾರಕ್ಕೆ ಪ್ಲಾಸ್ಟಿಕ್ ಸೀಳಿದೆ.

ಬಗೆಹರಿಯದೆ ಉಳಿದಿರುವುದು ಬಲಗಡೆಯ ಭಾಗ. ಅಲ್ಲಿರುವುದು 34.2 ಸೆಂ.ಮೀ. 4 ಜಾಕೆಟ್‌ಗೆ 22, 6 ಉದ್ದ ಉಡುಪಿಗೆ 12, ಒಟ್ಟು 34. ಕೈ ಹಾಕಲು ಜಾಗವಿಲ್ಲ. ಜಾಕೆಟ್ ಹೊರತೆಗೆಯುವಾಗ ಪಕ್ಕದ ಉಡುಪಿನ ತೋಳು ಈಗಲೂ ಜೊತೆಗೆ ಬರುತ್ತದೆ. ನಿಲುವು ಹಲಗೆಯನ್ನು 4 ಸೆಂ.ಮೀ. ಎಡಕ್ಕೆ ಸರಿಸಬಹುದಿತ್ತು, ಆದರೆ ಆಗ ಶರ್ಟ್‌ಗಳ ಬಿಡುವು 2ಕ್ಕೆ ಇಳಿಯುತ್ತದೆ. ಕೆಳಗಿನ ರಾಡಿನ 16 ಸೆಂ.ಮೀ. ಖಾಲಿ ಇದೆ. ಜಾಕೆಟ್‌ಗಳಲ್ಲಿ ಎರಡು ಗಿಡ್ಡ, ಅಲ್ಲಿಗೆ ಸಾಲಬಹುದು ಅನ್ನಿಸುತ್ತಿದೆ. ಮರದ ಹ್ಯಾಂಗರ್ ಸಮೇತ ಉದ್ದ ಅಳೆದೆ: ಒಂದು 72, ಇನ್ನೊಂದು 74 ಸೆಂ.ಮೀ. ಕೆಳಗಿನ ರಾಡಿನಿಂದ ತಳಕ್ಕೆ 75. ಭಾನುವಾರ ಹಾಕಿ ನೋಡುತ್ತೇನೆ.